ಎಂಬಿಎಸ್ ಸೌದಿಯ ಬಾಗಿಲು ತೆರೆದನೋ, ಬೀಗದ ಕೈ ಜೇಬಿಗೆ ಹಾಕಿಕೊಂಡನೋ? ಅಲ್ಲಿ ಇದ್ದವರು ಹೇಳಿ

ಜುಬೈಲ್_ವಾಪಸಿ

ಮೊನ್ನೆ ಒಂದು ಮದುವೆ ಊಟದಲ್ಲಿ ಈ ಮಾತು ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗ ರಿಯಾದ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಹೋಗಿ ಮೂರು ವರ್ಷ ಆಯ್ತಂತೆ. ಅವನ ಬಾಯಲ್ಲಿ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್, ಅಂದರೆ ಎಂಬಿಎಸ್, ಹೊಗಳಿಕೆ ಬಿಟ್ಟರೆ ಬೇರೆ ಇಲ್ಲ. ಎದುರು ಕೂತಿದ್ದ ನಮ್ಮ ಭಾವ ಕೊಲೆಯಾದ ಸೌದಿ ಪತ್ರಕರ್ತ ಖಶೋಗಿ ಹೆಸರು ಎತ್ತಿದರು. ಹೋಳಿಗೆ ಬಡಿಸುವ ಹೊತ್ತಿಗೆ ಇಬ್ಬರೂ ಮುಖ ತಿರುಗಿಸಿ ಕೂತಿದ್ದರು.

ನಾನು 2006ರಿಂದ 2018ರ ತನಕ ಸೌದಿಯ ಜುಬೈಲ್‌ನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ನಾನು ಹೋದದ್ದು ಮುತವ್ವಗಳ ಕಾಲದಲ್ಲಿ. ಅಂದರೆ ಧಾರ್ಮಿಕ ಪೊಲೀಸರು. ನಮಾಜಿನ ಹೊತ್ತಿಗೆ ಶಟರ್ ಎಳೆಯೋದು ತಡವಾದರೆ ಬಕಾಲಾದವನಿಗೆ, ಅಂದರೆ ಕಿರಾಣಿ ಅಂಗಡಿಯವನಿಗೆ, ಬೆವರು ಕಿತ್ತು ಬರುತ್ತಿತ್ತು. 2016ರ ಏಪ್ರಿಲ್‌ನಲ್ಲಿ ಅವರು ಇನ್ನು ಯಾರನ್ನೂ ಹಿಡಿಯುವ ಹಾಗಿಲ್ಲ, ಬೆನ್ನಟ್ಟುವ ಹಾಗಿಲ್ಲ ಅಂತ ಆದೇಶ ಬಂತು. ನಾವು ಯಾರೂ ನಂಬಲಿಲ್ಲ. ಆದರೆ ನಿಜಕ್ಕೂ ಬೀದಿಯಲ್ಲಿ ಅವರು ಕಾಣುವುದೇ ಅಪರೂಪ ಆಯಿತು. ಎಷ್ಟೋ ವರ್ಷಗಳಿಂದ ಯಾವ ದೊರೆಯೂ ಮುಟ್ಟಲು ಹೆದರಿದ್ದನ್ನು ಎಂಬಿಎಸ್ ಒಂದು ಕಾಗದದಲ್ಲಿ ಮುಗಿಸಿದ.

ಮರುವರ್ಷ ಇನ್ನೊಂದು ಕಾಗದ ಬಂತು, ಅದು ನಮಗೆ. 2017ರ ಜುಲೈಯಿಂದ ಜೊತೆಗಿರುವ ಪ್ರತಿಯೊಬ್ಬ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಕಟ್ಟಬೇಕು. ಮುಂದಿನ ವರ್ಷ 200, ಆಮೇಲೆ 300, 2020ಕ್ಕೆ 400. ಹೆಂಡತಿ, ಇಬ್ಬರು ಮಕ್ಕಳು. ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ನವೀಕರಣದ ಹೊತ್ತಿಗೆ ವರ್ಷದ್ದು ಮುಂಗಡ. 200ರ ಲೆಕ್ಕದಲ್ಲಿ 7,200 ರಿಯಾಲ್, ಅದೂ ನನ್ನ ಸಂಬಳದಲ್ಲಿ. ನಮ್ಮ ಬಿಲ್ಡಿಂಗಿನಲ್ಲಿ ಮಂಗಳೂರು, ಕುಂದಾಪುರ, ಕೇರಳದ ಮನೆಗಳು ಒಂದೊಂದಾಗಿ ಖಾಲಿಯಾದವು. ಫೈನಲ್ ಎಕ್ಸಿಟ್, ಫೈನಲ್ ಎಕ್ಸಿಟ್, ಅದೇ ಮಾತು. ಕೊನೆಗೆ ನಾವೂ ಹೊರಟೆವು.

ಅದಕ್ಕೇ ಸುಧಾರಕನಾ, ಸರ್ವಾಧಿಕಾರಿಯಾ ಅಂತ ಕೇಳಿದರೆ ನನಗೆ ಆ ಪ್ರಶ್ನೆಯೇ ಸರಿ ಅನ್ನಿಸಲ್ಲ. ಮುತವ್ವನನ್ನು ಮನೆಗೆ ಕಳಿಸಿದ್ದೂ ನಮ್ಮನ್ನು ಮನೆಗೆ ಕಳಿಸಿದ್ದೂ ಒಂದೇ ಕೈ. ಎರಡರಲ್ಲೂ ಯಾರನ್ನೂ ಕೇಳಲಿಲ್ಲ. ಕೊಟ್ಟಿದ್ದೆಲ್ಲ ಅವನ ಖುಷಿಗೆ ಕೊಟ್ಟಿದ್ದು, ಯಾರ ಹಕ್ಕೂ ಅಂತಲ್ಲ. ನಿಮಗೇನನ್ನಿಸುತ್ತೆ?

ಹೊನ್ನಾವರ_ಹೊಳೆ

ನನಗೆ ಅರ್ಥ ಆಗದೇ ಇರೋದು ಬೇರೆ. ಅಷ್ಟು ಜನ ರಾಜಕುಮಾರರು ಇರೋ ಮನೆಯಲ್ಲಿ, 29 ವರ್ಷದ ಹುಡುಗ ರಕ್ಷಣಾ ಮಂತ್ರಿ ಆಗಿದ್ದು ಹೇಗೆ? ದೊಡ್ಡವರೆಲ್ಲ ಏನು ಮಾಡ್ತಿದ್ರು?

ಅಂಕಿಸಂಖ್ಯೆ

ಇದು ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

1932ರಲ್ಲಿ ರಾಜ್ಯ ಕಟ್ಟಿದ ಅಬ್ದುಲ್ ಅಜೀಜ್‌ಗೆ ಹತ್ತಾರು ಗಂಡುಮಕ್ಕಳು. ಅವರ ನಂತರ ಪಟ್ಟ ಮಗನಿಂದ ಮೊಮ್ಮಗನಿಗೆ ಇಳಿಯಲಿಲ್ಲ, ಅಣ್ಣನಿಂದ ತಮ್ಮನಿಗೆ ಸಾಗಿತು. ಸೌದ್, ಫೈಸಲ್, ಖಾಲಿದ್, ಫಹದ್, ಅಬ್ದುಲ್ಲಾ, ಈಗ ಸಲ್ಮಾನ್. ಹಾಗಾಗಿ ದೊರೆಗಳೆಲ್ಲ ಮುದುಕರಾಗುತ್ತಾ ಹೋದರು. ಸಲ್ಮಾನ್‌ಗೆ 2015ರ ಜನವರಿಯಲ್ಲಿ ಪಟ್ಟ ಸಿಕ್ಕಾಗ 79 ವರ್ಷ. ಅದಕ್ಕೂ ಮುಂಚೆ ಸುಮಾರು ಅರ್ಧ ಶತಮಾನ ರಿಯಾದ್ ಪ್ರಾಂತ್ಯದ ಗವರ್ನರ್. ರಾಜಮನೆತನದ ಜಗಳ ಬಗೆಹರಿಸೋದು, ಯಾರ ಗುಟ್ಟು ಏನು, ಯಾರ ಸಾಲ ಎಷ್ಟು, ಎಲ್ಲ ಆತನ ಕಿವಿಗೆ ಬರುತ್ತಿತ್ತು.

ಸಲ್ಮಾನ್‌ನ ದೊಡ್ಡ ಹೆಂಡತಿಯ ಮಕ್ಕಳು ಬಹಳ ಓದಿದವರು. ಒಬ್ಬ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದವನು. ಇನ್ನೊಬ್ಬ ಸುಲ್ತಾನ್, 1985ರ ಜೂನ್‌ನಲ್ಲಿ ಅಮೆರಿಕದ ಡಿಸ್ಕವರಿ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅರಬ. ಅದಾಗಿ ಎರಡು ತಿಂಗಳಿಗೆ, ಆಗಸ್ಟ್ 31ಕ್ಕೆ, ಇನ್ನೊಬ್ಬ ಹೆಂಡತಿ ಫಹ್ದಾಳಿಗೆ ಈ ಮೊಹಮ್ಮದ್ ಹುಟ್ಟಿದ. ಅಣ್ಣಂದಿರು ಆಕಾಶ ಮುಟ್ಟಿದರು, ಇವನು ಅಪ್ಪನ ಪಕ್ಕ ಬಿಡಲಿಲ್ಲ. ವಿದೇಶಕ್ಕೆ ಓದಲು ಹೋಗಲಿಲ್ಲ, ರಿಯಾದ್‌ನ ಕಿಂಗ್ ಸೌದ್ ವಿಶ್ವವಿದ್ಯಾಲಯದಲ್ಲೇ ಕಾನೂನು ಓದಿದ. ಅಪ್ಪ ಎಲ್ಲಿ ಕೂತರೂ ಹಿಂದೆ ನಿಂತು ಟಿಪ್ಪಣಿ ಬರೆದುಕೊಳ್ಳುವ ಮಗ. ಅದೇ ಇವನ ಬಂಡವಾಳ. ದೊರೆಯ ಹತ್ತಿರ ಯಾರು ಹೋಗಬೇಕು, ಯಾವ ಕಾಗದ ಹೋಗಬೇಕು ಅನ್ನೋದು ಇವನ ಕೈಯಲ್ಲಿ ಇತ್ತು ಅಂದ ಮೇಲೆ ಉಳಿದಿದ್ದು ಸಲೀಸು.

ಪಟ್ಟಕ್ಕೆ ನಿಂತಿದ್ದವರು ಇಬ್ಬರು. ಚಿಕ್ಕಪ್ಪ ಮುಕ್ರಿನ್‌ನನ್ನು 2015ರ ಏಪ್ರಿಲ್‌ನಲ್ಲೇ ಇಳಿಸಿದರು. ಆಮೇಲೆ ದೊಡ್ಡಪ್ಪನ ಮಗ ಮೊಹಮ್ಮದ್ ಬಿನ್ ನಾಯೆಫ್. ಇವನು ಸಾಮಾನ್ಯದವನಲ್ಲ. ಒಳಾಡಳಿತ ಮಂತ್ರಿ, ಅಲ್ ಖೈದಾವನ್ನು ಸೌದಿಯಲ್ಲಿ ಮಟ್ಟ ಹಾಕಿದವನು, 2009ರಲ್ಲಿ ಆತ್ಮಾಹುತಿ ಬಾಂಬಿನಿಂದ ಕೂದಲೆಳೆಯಲ್ಲಿ ಉಳಿದವನು, ಅಮೆರಿಕದ ಅಚ್ಚುಮೆಚ್ಚಿನವನು. 2017ರ ಜೂನ್ 21ಕ್ಕೆ ಅವನೂ ಹೋದ. ಯುವರಾಜನ ಆಯ್ಕೆಗೆ ಒಪ್ಪಿಗೆ ಕೊಡುವ ರಾಜಮನೆತನದ ನಿಷ್ಠಾ ಮಂಡಳಿಯ 34 ಜನರಲ್ಲಿ 31 ಜನ ಎಂಬಿಎಸ್‌ಗೆ ಒಪ್ಪಿಗೆ ಕೊಟ್ಟರು ಅಂತ ಪ್ರಕಟಣೆ ಬಂತು. ಟಿವಿಯಲ್ಲಿ ಹೊಸ ಯುವರಾಜ ಹಳೆಯ ಯುವರಾಜನ ಮುಂದೆ ಮಂಡಿಯೂರಿ ಕೈಗೆ ಮುತ್ತಿಟ್ಟ. ಆ ವಿಡಿಯೋ ಹುಡುಕಿ ನೋಡಿ. ಎಷ್ಟು ವಿನಯ! 2020ರ ಮಾರ್ಚ್‌ನಲ್ಲಿ ಅದೇ ಅಣ್ಣನನ್ನು ಹಿಡಿದು ಒಳಗೆ ಹಾಕಿದರು, ಜೊತೆಗೆ ದೊರೆಯ ಸ್ವಂತ ತಮ್ಮ ಅಹ್ಮದ್‌ನನ್ನೂ.

ಬೆಣ್ಣೆದೋಸೆ_ಭೀಮ

ಮೊಘಲರ ಕಥೆ ಓದಿದ ಹಾಗಾಯ್ತು ಗುರು. ಬೋನಸ್ಸಾಗಿ ಫೈವ್ ಸ್ಟಾರ್ ಜೈಲು ಬೇರೆ ಇತ್ತಲ್ಲ?

ಅಂಕಿಸಂಖ್ಯೆ

@ಬೆಣ್ಣೆದೋಸೆ_ಭೀಮ ಹೌದು, ರಿಯಾದ್‌ನ ರಿಟ್ಜ್ ಕಾರ್ಲ್‌ಟನ್. 2017ರ ನವೆಂಬರ್ 4ರ ರಾತ್ರಿ. ಭ್ರಷ್ಟಾಚಾರ ತನಿಖೆ ಅಂತ ರಾಜಕುಮಾರರು, ಮಂತ್ರಿಗಳು, ಉದ್ಯಮಿಗಳನ್ನು ತಂದು ಕೂರಿಸಿದರು. ಜಗತ್ತಿನ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ ಅಲ್‌ವಲೀದ್ ಬಿನ್ ತಲಾಲ್ ಕೂಡ ಅಲ್ಲಿ. ಆಸ್ತಿ ಬರೆದುಕೊಟ್ಟವರು ಹೊರಗೆ ಬಂದರು. ಒಟ್ಟು 400 ಬಿಲಿಯನ್ ರಿಯಾಲ್‌ಗಿಂತ ಹೆಚ್ಚು ವಸೂಲಿ ಅಂತ ಸರ್ಕಾರ ಹೇಳಿತು. ಯಾರು ಏನು ತಿಂದಿದ್ದರು, ಯಾರು ಎಷ್ಟು ಕೊಟ್ಟರು, ಯಾವ ಕೋರ್ಟಿನಲ್ಲೂ ವಿವರ ಬರಲಿಲ್ಲ.

ಆದರೆ ಹಣಕ್ಕಿಂತ ಮುಖ್ಯವಾದದ್ದು ಅದೇ ರಾತ್ರಿ ಆಯಿತು. ಹಳೇ ದೊರೆ ಅಬ್ದುಲ್ಲಾನ ಮಗ ಮಿತೆಬ್ ಕೈಯಲ್ಲಿ ನ್ಯಾಷನಲ್ ಗಾರ್ಡ್ ಇತ್ತು, ಅದು ಸೈನ್ಯಕ್ಕೆ ಸಮನಾದ ಇನ್ನೊಂದು ಪಡೆ. ಅವನನ್ನು ತೆಗೆದರು. ಮುಂಚೆ ಸೈನ್ಯ ಒಬ್ಬ ಅಣ್ಣನ ಮನೆಗೆ, ಪೊಲೀಸ್ ಇನ್ನೊಬ್ಬನ ಮನೆಗೆ, ಗಾರ್ಡ್ ಮತ್ತೊಬ್ಬನ ಮನೆಗೆ ಅಂತ ಪಾಲಾಗಿತ್ತು. ಯಾರಿಗೂ ಪೂರ್ತಿ ಹಿಡಿತ ಇರಲಿಲ್ಲ. ಅದೇ ಅವರ ಸಂವಿಧಾನ ಅಂದ್ಕೊಳ್ಳಿ. ಅಂದು ರಾತ್ರಿ ಅದು ಮುಗೀತು.

ಭಟ್ಕಳ_ಬಂದರು

ಅದೇ ದಿನ ಇನ್ನೊಂದು ತಮಾಷೆ ಆಯಿತು ಮಾರಾಯ್ರೆ, ಲೆಬನಾನ್ ಪ್ರಧಾನಿ ಸಾದ್ ಹರೀರಿ ರಿಯಾದ್‌ನಲ್ಲಿ ಕೂತು ಟಿವಿಯಲ್ಲಿ ರಾಜೀನಾಮೆ ಓದಿದ್ದು! ಬೇರೆ ದೇಶದ ಪ್ರಧಾನಿ ಇಲ್ಲಿ ಬಂದು ರಾಜೀನಾಮೆ ಕೊಡೋದು ಅಂದ್ರೆ. ಫ್ರಾನ್ಸ್ ಮಧ್ಯೆ ಬಂದ ಮೇಲೆ ಊರಿಗೆ ಹೋಗಿ ಅದನ್ನು ವಾಪಸ್ ತಗೊಂಡ.

ಆ ಹರೀರಿ ಮನೆತನದ್ದೇ ಸೌದಿ ಓಜರ್ ಅಂತ ದೊಡ್ಡ ಕಟ್ಟಡ ಕಂಪನಿ ಇತ್ತು. ಎಣ್ಣೆ ಬೆಲೆ ಬಿದ್ದಾಗ ಸರ್ಕಾರ ಗುತ್ತಿಗೆದಾರರಿಗೆ ದುಡ್ಡು ಕೊಡೋದು ನಿಲ್ಲಿಸಿತು, ಕಂಪನಿ ಸಂಬಳ ನಿಲ್ಲಿಸಿತು. 2016ರ ಆಗಸ್ಟ್‌ನಲ್ಲಿ ಜೆದ್ದಾ ಕ್ಯಾಂಪುಗಳಲ್ಲಿ ಭಾರತದ ಸಾವಿರಾರು ಕೆಲಸಗಾರರಿಗೆ ಊಟಕ್ಕೂ ಗತಿ ಇರಲಿಲ್ಲ. ಸುಷ್ಮಾ ಸ್ವರಾಜ್ ಟ್ವೀಟ್ ಮಾಡಿದ್ದು, ವಿ.ಕೆ. ಸಿಂಗ್ ಅಲ್ಲಿಗೆ ಹೋಗಿದ್ದು, ಜೆದ್ದಾದ ನಮ್ಮ ಜನ ಅಕ್ಕಿ ಬೇಳೆ ಹಂಚಿದ್ದು ನೆನಪಿದೆಯಾ? ಎಣ್ಣೆ ಬಿಟ್ಟು ಬದುಕುವ 2030ರ ಕನಸಿನ ಯೋಜನೆ ಘೋಷಣೆ ಆಗಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಅಲ್ಲಿಂದ ನಾಲ್ಕು ತಿಂಗಳಿಗೆ ಈ ಕಥೆ.

ರಿಯಾದ್‌ನಲ್ಲಿ_ಈಗ

ಎಲ್ಲರೂ ಒಂದೇ ಕಡೆ ಎಳೀತಿದ್ದೀರಿ. ನಾನು ಇಲ್ಲೇ ಇದ್ದೀನಿ, ಕಣ್ಣಾರೆ ನೋಡೋದನ್ನ ಹೇಳ್ತೀನಿ. ನನ್ನ ಆಫೀಸಿನಲ್ಲಿ ಅರ್ಧದಷ್ಟು ಸೌದಿ ಹೆಣ್ಣುಮಕ್ಕಳು. 2016ರ ಹೊತ್ತಿಗೆ ಇಲ್ಲಿ ಐದರಲ್ಲಿ ಒಬ್ಬ ಹೆಂಗಸೂ ದುಡಿಯುತ್ತಿರಲಿಲ್ಲ, ಈಗ ಮೂರರಲ್ಲಿ ಒಬ್ಬರು. 2030ಕ್ಕೆ ಅಂತ ಇಟ್ಟುಕೊಂಡ 30 ಶೇಕಡಾ ಗುರಿಯನ್ನು ಎಷ್ಟೋ ವರ್ಷ ಮುಂಚೆಯೇ ದಾಟಿದರು. ಬೆಂಗಳೂರಿನ ಹೊರಗೆ ನಮ್ಮ ಕರ್ನಾಟಕದಲ್ಲಿ ಎಷ್ಟಿದೆ ಹೇಳಿ ನೋಡೋಣ.

ಇಲ್ಲಿನ ಸೌದಿ ಪ್ರಜೆಗಳಲ್ಲಿ ಬಹುಪಾಲು 30ರ ಕೆಳಗಿನವರು. ಅವರಿಗೆ ಖಶೋಗಿ ಚರ್ಚೆ ಬೇಡ, ಕೆಲಸ ಬೇಕು, ಕಾನ್ಸರ್ಟ್ ಬೇಕು, ಫುಟ್‌ಬಾಲ್ ಬೇಕು. ರೊನಾಲ್ಡೊ ಇಲ್ಲಿ ಆಡ್ತಾನೆ. 2034ರ ವಿಶ್ವಕಪ್ ಇಲ್ಲೇ. 2021ರ ನಂತರ ನೌಕರ ಒಂದು ವರ್ಷ ಮುಗಿಸಿದ್ರೆ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕನ ಸಹಿ ಇಲ್ಲದೆ ಬೇರೆ ಕಂಪನಿಗೆ ಹೋಗಬಹುದು. ಜುಬೈಲ್ ಸರ್ ಅವರ ಕಾಲದಲ್ಲಿ ಇದು ಕನಸಲ್ಲೂ ಇರಲಿಲ್ಲ ಅಲ್ವಾ? ಚುನಾವಣೆ ಇಟ್ಟಿದ್ದರೆ ಗೆಲ್ಲುತ್ತಿದ್ದವರು ಮುತವ್ವಗಳ ಕಡೆಯವರೇ. ಅದನ್ನೂ ಯೋಚನೆ ಮಾಡಿ.

ಸ್ಟೇರಿಂಗ್_ಸರೋಜಾ

@ರಿಯಾದ್‌ನಲ್ಲಿ_ಈಗ ತಮ್ಮಾ, ಹೆಣ್ಣುಮಕ್ಕಳ ವಿಷಯ ಎತ್ತಿದ್ದಕ್ಕೆ ಒಂದು ಮಾತು. ನಾನು ದಮ್ಮಾಮ್‌ನಲ್ಲಿ ನರ್ಸ್ ಆಗಿದ್ದವಳು. ಮಾರ್ಕೆಟ್‌ಗೆ ಹೋಗಬೇಕಾದರೆ ಡ್ರೈವರ್‌ಗೆ ಕಾಯುವ ಕಾಲ ಅದು. ಬದಲಾವಣೆ ಸುಳ್ಳು ಅಂತ ನಾನು ಯಾವತ್ತೂ ಹೇಳಲ್ಲ.

ಆದರೆ 1990ರ ನವೆಂಬರ್‌ನಲ್ಲೇ ರಿಯಾದ್‌ನ 47 ಹೆಂಗಸರು ಕಾರು ಓಡಿಸಿದ್ದರು ಅಂತ ನಿನಗೆ ಗೊತ್ತಾ? ಕೆಲಸ ಕಳೆದುಕೊಂಡರು, ಪಾಸ್‌ಪೋರ್ಟ್ ಕಿತ್ತುಕೊಂಡರು. ಲುಜೈನ್ ಅಲ್ ಹತ್‌ಲೂಲ್ ಅನ್ನೋ ಹುಡುಗಿ 2014ರ ಕೊನೆಗೆ ದುಬೈ ಕಡೆಯಿಂದ ಗಡಿಗೆ ಕಾರು ಓಡಿಸಿಕೊಂಡು ಬಂದಳು, 73 ದಿನ ಒಳಗೆ ಹಾಕಿದರು. 2018ರ ಜೂನ್ 24ಕ್ಕೆ ಹೆಂಗಸರು ಕಾರು ಓಡಿಸಬಹುದು ಅಂತ ಆಯಿತಲ್ಲ, ಅದಕ್ಕೆ ಬರೀ ಒಂದು ತಿಂಗಳು ಮುಂಚೆ, ಮೇ ತಿಂಗಳಲ್ಲಿ, ಅದೇ ಲುಜೈನ್‌ಳನ್ನೂ ಅವಳ ಜೊತೆಗಾರ್ತಿಯರನ್ನೂ ಹಿಡಿದರು. ಕರೆಂಟ್ ಶಾಕ್ ಕೊಟ್ಟರು, ನೀರಿನಲ್ಲಿ ಮುಳುಗಿಸಿದರು ಅಂತ ಮನೆಯವರು ಹೇಳಿದರು. ಸರ್ಕಾರ ಇಲ್ಲ ಅಂದಿತು. ಹೊರಗೆ ಬಂದಿದ್ದು 2021ರ ಫೆಬ್ರವರಿ 10ಕ್ಕೆ. ಆಮೇಲೂ ದೇಶ ಬಿಡುವ ಹಾಗಿಲ್ಲ.

ಕೇಳಿದ್ದನ್ನು ಕೊಟ್ಟ, ಕೇಳಿದವಳನ್ನು ಜೈಲಿಗೆ ಹಾಕಿದ. ಯಾಕೆ ಗೊತ್ತಾ? ಕೇಳಿದ್ದಕ್ಕೆ ಸಿಕ್ಕಿತು ಅಂತ ಯಾರೂ ತಿಳ್ಕೋಬಾರದು. ನಾಳೆ ಬೇರೆಯವರು ಬೇರೆ ಏನಾದರೂ ಕೇಳಿಯಾರು. ಜುಬೈಲ್ ಅಣ್ಣ ಹೇಳಿದ ಆ ಕೈ ಇದೇ.

ಹಳೇ_ಡೆಸ್ಕ್

ಖಶೋಗಿ ಬಗ್ಗೆ ಯಾರೂ ಸರಿಯಾಗಿ ಬರೆಯಲಿಲ್ಲ, ಎಲ್ಲರೂ ಹೆಸರು ಮಾತ್ರ ಹೇಳ್ತೀರಿ. ಆ ವಾರ ನಾನು ಒಂದು ಪತ್ರಿಕೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ, ದಿನಕ್ಕೊಂದು ಥರ ಸುದ್ದಿ ತಿದ್ದಿದ್ದೇವೆ.

2018ರ ಅಕ್ಟೋಬರ್ 2. ಮದುವೆಗೆ ಬೇಕಾದ ಕಾಗದಕ್ಕೆ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೆ ಹೋದರು. ಮದುವೆಯಾಗಬೇಕಿದ್ದ ಹಾತಿಜೆ ಹೊರಗೆ ಕಾಯುತ್ತಾ ನಿಂತಿದ್ದಳು. ಮೊದಲು ಸೌದಿ ಹೇಳಿದ್ದು, ಅವರು ಹೊರಗೆ ಹೋಗಿಯಾಯಿತು ಅಂತ. ಎರಡೂವರೆ ವಾರದ ಮೇಲೆ, ಒಳಗೆ ಕೈಕೈ ಮಿಲಾಯಿಸಿ ಸತ್ತರು ಅಂತ. ಆಮೇಲೆ, ಮೊದಲೇ ಯೋಚಿಸಿ ಮಾಡಿದ ಕೊಲೆ ಅಂತ. ಅಷ್ಟರಲ್ಲಿ ಟರ್ಕಿಯವರು ರಿಯಾದ್‌ನಿಂದ ವಿಮಾನದಲ್ಲಿ ಬಂದ 15 ಜನರ ಫೋಟೋ ಹೊರಗೆ ಬಿಟ್ಟಿದ್ದರು. ಶವ ಇವತ್ತಿಗೂ ಸಿಕ್ಕಿಲ್ಲ.

ಖಶೋಗಿ ಹುಟ್ಟಾ ವಿರೋಧಿ ಏನಲ್ಲ. ಅರಮನೆಗೆ ಹತ್ತಿರ ಇದ್ದವರು, 2017ರಲ್ಲಿ ಅಮೆರಿಕಕ್ಕೆ ಹೋಗಿ ವಾಷಿಂಗ್ಟನ್ ಪೋಸ್ಟ್‌ಗೆ ಅಂಕಣ ಬರೆಯುತ್ತಿದ್ದರು. ಸುಧಾರಣೆ ಬೇಡ ಅಂತ ಬರೆದವರೂ ಅಲ್ಲ. ಸೌದಿ ಕೋರ್ಟ್ ಎಂಟು ಜನರಿಗೆ ಶಿಕ್ಷೆ ಕೊಟ್ಟಿತು, ಐವರಿಗೆ ಮೊದಲು ಮರಣದಂಡನೆ ಇತ್ತು, ಆಮೇಲೆ 20 ವರ್ಷ ಜೈಲಿಗೆ ಇಳಿಸಿದರು. ಕೊಲ್ಲುವ ಅಥವಾ ಹಿಡಿದು ತರುವ ಕಾರ್ಯಾಚರಣೆಗೆ ಯುವರಾಜನೇ ಒಪ್ಪಿಗೆ ಕೊಟ್ಟಿದ್ದ ಎಂಬುದು ತಮ್ಮ ಅಂದಾಜು ಅಂತ ಅಮೆರಿಕದ ಗುಪ್ತಚರ ಇಲಾಖೆ 2021ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಹೇಳಿತು. ಆತ ಹೇಳುವುದು, ನಾನು ಆದೇಶ ಕೊಡಲಿಲ್ಲ, ಆದರೆ ನನ್ನ ಆಡಳಿತದಲ್ಲಿ ಆಗಿದ್ದರಿಂದ ಹೊಣೆ ನನ್ನದು ಅಂತ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಆಮೇಲೆ ಆಗಿದ್ದೇನು? ಚುನಾವಣೆಗೆ ಮುಂಚೆ ಸೌದಿಯನ್ನು ಬಹಿಷ್ಕಾರ ಹಾಕಿ ಕೂರಿಸ್ತೀನಿ ಅಂದಿದ್ದ ಬೈಡನ್, 2022ರ ಜುಲೈಯಲ್ಲಿ ಜೆದ್ದಾಕ್ಕೆ ಹೋಗಿ ಮುಷ್ಟಿಗೆ ಮುಷ್ಟಿ ತಾಗಿಸಿ ಬಂದರು. ಉಕ್ರೇನ್ ಯುದ್ಧ, ಪೆಟ್ರೋಲ್ ಬೆಲೆ. ಮೂರು ತಿಂಗಳಿಗೆ ಎಣ್ಣೆ ದೇಶಗಳ ಒಪೆಕ್ ಕೂಟ ಉತ್ಪಾದನೆಯನ್ನು ದಿನಕ್ಕೆ 20 ಲಕ್ಷ ಬ್ಯಾರೆಲ್ ಕಡಿಮೆ ಮಾಡಿತು, ಹೋಗಿ ಬಂದಿದ್ದಕ್ಕೆ ಅದೇ ಉಡುಗೊರೆ. 2025ರ ನವೆಂಬರ್‌ನಲ್ಲಂತೂ ಟ್ರಂಪ್ ಶ್ವೇತಭವನದಲ್ಲಿ ಪಕ್ಕ ಕೂರಿಸಿಕೊಂಡು, ಆತನಿಗೇನೂ ಗೊತ್ತಿರಲಿಲ್ಲ ಅಂದುಬಿಟ್ಟರು. ಪ್ರಶ್ನೆ ಕೇಳಿದ ವರದಿಗಾರ್ತಿಗೇ ಬೈಗುಳ.

ಮಲೆನಾಡ್_ಮಳೆ

ಒಬ್ಬ ಪತ್ರಕರ್ತನಿಗೆ ಇಷ್ಟು ಬರೆದಿರಿ, ಸರಿ. ಯೆಮೆನ್ ಯಾರೂ ಹೇಳಲೇ ಇಲ್ಲ. 2015ರ ಮಾರ್ಚ್‌ನಲ್ಲಿ, ರಕ್ಷಣಾ ಮಂತ್ರಿ ಆಗಿ ಎರಡು ತಿಂಗಳಿಗೆ ಈತ ಶುರು ಮಾಡಿದ ವಿಮಾನ ದಾಳಿ. ಬೇಗ ಮುಗಿಯುತ್ತೆ ಅಂದಿದ್ದರು, ಕದನವಿರಾಮ ಆಗಿದ್ದು 2022ರ ಏಪ್ರಿಲ್‌ಗೆ. 2021ರ ಕೊನೆಗೆ 3,77,000 ಜನ ಸತ್ತಿರುತ್ತಾರೆ ಅಂತ ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗದ ಅಂದಾಜು. ಅದರಲ್ಲಿ ಹೆಚ್ಚಿನವರು ಬಾಂಬಿಗಲ್ಲ, ಹಸಿವು, ಕಾಯಿಲೆ, ಕೆಟ್ಟ ನೀರಿಗೆ ಸತ್ತವರು. ಎದುರು ನಿಂತ ಅಲ್ಲಿನ ಬಂಡುಕೋರ ಹೂತಿಗಳೂ ಸಾಚಾ ಅಲ್ಲ, ಗೊತ್ತು. ಆದರೆ 2018ರ ಆಗಸ್ಟ್‌ನಲ್ಲಿ ಸಾದಾ ಅನ್ನೋ ಪ್ರಾಂತ್ಯದಲ್ಲಿ ಶಾಲೆ ಬಸ್ಸಿನ ಮೇಲೆ ಬಾಂಬ್ ಬಿದ್ದು 40 ಮಕ್ಕಳು ಹೋದರಲ್ಲ, ಆ ಮಕ್ಕಳ ಬಗ್ಗೆ ಇಲ್ಲಿ ಯಾರೂ ಒಂದು ಮಾತೂ ಬರೆಯಲಿಲ್ಲ.

ಈ_ಸಲ_ಕಪ್

ನಮ್ಮ ಐಪಿಎಲ್ ಮೆಗಾ ಹರಾಜೂ 2024ರಲ್ಲಿ ಜೆದ್ದಾದಲ್ಲೇ ಆಗಿದ್ದು. ಆರೆಂಜ್ ಕ್ಯಾಪ್ ಮೇಲೆ ಸೌದಿ ಸರ್ಕಾರಿ ಎಣ್ಣೆ ಕಂಪನಿ ಅರಾಮ್ಕೊ ಹೆಸರು ಬೇರೆ ಇತ್ತು. ಆವತ್ತು ಆರ್‌ಸಿಬಿ ಯಾಕೆ ರಾಹುಲ್‌ನ ಬಿಟ್ಟಿತು ಅಂತ ಬೈತಾ ಕೂತಿದ್ದೆ, ಇದೆಲ್ಲ ತಲೆಗೇ ಹೋಗಲಿಲ್ಲ. ಅದಕ್ಕೇ ಅಲ್ವಾ ಆಟಕ್ಕೆ ಅಷ್ಟು ದುಡ್ಡು ಸುರಿಯೋದು.

ಅಂಕಿಸಂಖ್ಯೆ

ದುಡ್ಡಿನ ಮಾತು ಬಂತು ಅಂತ ಹೇಳ್ತೀನಿ. ಎಣ್ಣೆ ಬಿಟ್ಟು ಬದುಕಬೇಕು ಅನ್ನೋ ಲೆಕ್ಕ ತಪ್ಪಲ್ಲ, ನನ್ನ ಪ್ರಕಾರ ಅದು ಈತನ ಅತ್ಯಂತ ಸರಿಯಾದ ಯೋಚನೆ. 2014ರಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಎಣ್ಣೆ 2016ರ ಜನವರಿಗೆ 30ಕ್ಕಿಂತ ಕೆಳಗೆ ಹೋಯಿತು. ಅದಕ್ಕೇ ವ್ಯಾಟ್ ಬಂತು, 2018ರಲ್ಲಿ 5 ಶೇಕಡಾ, 2020ರ ಜುಲೈಗೆ ಏಕಾಏಕಿ 15. ಅರಾಮ್ಕೊದ ಒಂದೂವರೆ ಶೇಕಡಾ ಷೇರು 2019ರ ಡಿಸೆಂಬರ್‌ನಲ್ಲಿ ಮಾರಿ 25.6 ಬಿಲಿಯನ್ ಡಾಲರ್ ಎತ್ತಿದರು. ಆ ಹೊತ್ತಿಗೆ ಜಗತ್ತಿನಲ್ಲೇ ದೊಡ್ಡ ಷೇರು ಬಿಡುಗಡೆ ಅದು. ಸರ್ಕಾರಿ ಹೂಡಿಕೆ ನಿಧಿ ನಮ್ಮ ಜಿಯೋದಲ್ಲೂ 11,367 ಕೋಟಿ ರೂಪಾಯಿ ಹಾಕಿತು.

ತೊಂದರೆ ಇರುವುದು ಇಲ್ಲ ಅನ್ನುವವರು ಯಾರೂ ಇಲ್ಲದಿರುವುದರಲ್ಲಿ. ಮರುಭೂಮಿಯಲ್ಲಿ ಹೊಸದಾಗಿ ಕಟ್ಟಲು ಹೊರಟ ನಿಯೋಮ್ ನೋಡಿ. 500 ಬಿಲಿಯನ್ ಡಾಲರ್ ಅಂತ 2017ರಲ್ಲಿ ಘೋಷಣೆ. ಅದರೊಳಗೆ ದಿ ಲೈನ್ ಅನ್ನೋ ಊರು: 170 ಕಿಲೋಮೀಟರ್ ಉದ್ದ, 500 ಮೀಟರ್ ಎತ್ತರ, 200 ಮೀಟರ್ ಅಗಲ, ಎರಡು ಕನ್ನಡಿ ಗೋಡೆ, 90 ಲಕ್ಷ ಜನ, ಒಂದೂ ಕಾರಿಲ್ಲ. ಬೆಂಗಳೂರಿನಿಂದ ಮೈಸೂರು ದಾಟಿ ಇನ್ನೂ ಮುಂದಕ್ಕೆ ಒಂದೇ ಕಟ್ಟಡ ಕಟ್ಟಿದ ಹಾಗೆ. ಯಾವ ಮೇಸ್ತ್ರಿಗೆ ಕೇಳಿದರೂ ಆಗಲ್ಲ ಸ್ವಾಮಿ ಅಂತಿದ್ದ. 2030ರ ಹೊತ್ತಿಗೆ 2.4 ಕಿಲೋಮೀಟರ್ ಆದರೆ ಸಾಕು ಅಂತ 2024ಕ್ಕೆ ಸುದ್ದಿ ಬಂತು. ಆ ಜಾಗದಲ್ಲಿ ಹುವೈತಾತ್ ಬುಡಕಟ್ಟಿನವರು ತಲೆತಲಾಂತರದಿಂದ ಇದ್ದರು. ಮನೆ ಬಿಡಲ್ಲ ಅಂತ ವಿಡಿಯೋ ಹಾಕಿದ ಅಬ್ದುಲ್ ರಹೀಮ್ ಅನ್ನುವವನು 2020ರ ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ಸತ್ತ. ಅವನೇ ಮೊದಲು ಗುಂಡು ಹಾರಿಸಿದ ಅಂತ ಸರ್ಕಾರ.

ಹೊನ್ನಾವರ_ಹೊಳೆ

ಏನೇ ಹೇಳಿ, ನಮ್ಮ ದೇಶಕ್ಕೆ ಅವರಿಂದ ಒಳ್ಳೇದೇ ಆಗಿದೆ. 2019ರಲ್ಲಿ ಬಂದಾಗ ಮೋದಿ ಶಿಷ್ಟಾಚಾರ ಬಿಟ್ಟು ಏರ್‌ಪೋರ್ಟ್‌ಗೇ ಹೋಗಿದ್ದರು. 850 ಭಾರತೀಯ ಕೈದಿಗಳ ಬಿಡುಗಡೆ ಅಂತ ಆಗಲೇ ಘೋಷಣೆ ಆಯಿತು.

ಭಟ್ಕಳ_ಬಂದರು

ಆ ಬಿಡುಗಡೆ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ನಮ್ಮವನು ಅಂತ ಜಾಸ್ತಿ ಹಿಗ್ಗಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದ್ದೂ ಇವರೇ, ಒಬ್ಬರ ಮೇಲೆ ದಾಳಿ ಆದರೆ ಇಬ್ಬರ ಮೇಲೂ ಆದಂತೆ ಅಂತ. ರತ್ನಗಿರಿಗೆ ಬರಬೇಕಿದ್ದ 44 ಬಿಲಿಯನ್ ಡಾಲರ್ ರಿಫೈನರಿ ಎಲ್ಲಿದೆ? ಇರಾನ್ ಜೊತೆ ಏಳು ವರ್ಷ ಹಲ್ಲು ಕಡಿದು, 2023ರಲ್ಲಿ ಬೀಜಿಂಗ್‌ನಲ್ಲಿ ಕೈಕುಲುಕಿದರು. ಅಲ್ಲಿ ಸ್ನೇಹ ಅಂದರೆ ಲೆಕ್ಕ.

ರಿಯಾದ್‌ನಲ್ಲಿ_ಈಗ

[ಈ ಪ್ರತಿಕ್ರಿಯೆಯನ್ನು ಬರೆದವರೇ ಅಳಿಸಿದ್ದಾರೆ]

ಬೆಣ್ಣೆದೋಸೆ_ಭೀಮ

ಅರೆ, ನಿಯೋಮ್ ಬಗ್ಗೆ ಏನೋ ಚೆನ್ನಾಗಿ ಬರೆದಿದ್ರಿ ರಿಯಾದ್ ಅಣ್ಣ, ಅರ್ಧ ಓದಿದ್ದೆ. ಯಾಕೆ ತೆಗೆದ್ರಿ?

ಸ್ಟೇರಿಂಗ್_ಸರೋಜಾ

ಕೇಳಬೇಡ ಭೀಮ. ಸಲ್ಮಾ ಅಲ್ ಶಿಹಾಬ್ ಅಂತ ಇಂಗ್ಲೆಂಡಿನಲ್ಲಿ ಓದುತ್ತಿದ್ದ ಎರಡು ಮಕ್ಕಳ ತಾಯಿಗೆ ಟ್ವೀಟ್‌ಗಳಿಗಾಗಿ 2022ರಲ್ಲಿ 34 ವರ್ಷ ಶಿಕ್ಷೆ ಹಾಕಿದ್ದರು. ಆಮೇಲೆ ಕಡಿಮೆ ಮಾಡಿದರು, ಬಿಡಿ. ಅವನು ಅಳಿಸಿದ್ದು ಸರಿಯೇ.

ಕುಂದಾಪ್ರ_ಕುವರಿ

ಚರ್ಚೆ ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ನನ್ನ ತಮ್ಮನಿಗೆ ನಿಯೋಮ್ ಇರುವ ತಬೂಕ್ ಕಡೆ ಸೈಟಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಇದೆ ಅಂತ ಏಜೆಂಟ್ ಹೇಳ್ತಿದ್ದಾನೆ. ಒಂದೂವರೆ ಲಕ್ಷ ಕೇಳ್ತಿದ್ದಾನೆ. ಕಳಿಸಬಹುದಾ?

ಜುಬೈಲ್_ವಾಪಸಿ

@ಕುಂದಾಪ್ರ_ಕುವರಿ ತಂಗಿ, ಒಂದೂವರೆ ಲಕ್ಷ ಕೊಡಬೇಡಿ. ನಮ್ಮ ಸರ್ಕಾರದ ನಿಯಮದ ಪ್ರಕಾರ ಏಜೆಂಟ್ ತಗೊಳ್ಳಬಹುದಾದ್ದು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅಷ್ಟೇ. ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನೋಂದಣಿ ಇದೆಯಾ ನೋಡಿ. ಇಕಾಮಾ ಖರ್ಚು, ವರ್ಕ್ ಪರ್ಮಿಟ್ ಖರ್ಚು ಸೌದಿ ಕಾನೂನಿನ ಪ್ರಕಾರ ಕಂಪನಿಯದ್ದು, ಇವನ ಸಂಬಳದಿಂದ ಹಿಡಿಯುವ ಹಾಗಿಲ್ಲ. ಪಾಸ್‌ಪೋರ್ಟ್ ಇಟ್ಕೊಳ್ಳೋಕೆ ಕೇಳಿದರೆ ಅದೂ ತಪ್ಪು. ಕಾಂಟ್ರ್ಯಾಕ್ಟ್‌ನಲ್ಲಿ ಕೆಲಸ ಎಲೆಕ್ಟ್ರಿಷಿಯನ್ ಅಂತಲೇ ಇರಲಿ. ಮನೆ ಡ್ರೈವರ್ ಅಂತ ಇದ್ದರೆ ಬೇಡವೇ ಬೇಡ, ಆ ಕಂಪನಿ ಬದಲಾಯಿಸೋ ಹೊಸ ನಿಯಮ ಮನೆಗೆಲಸದವರಿಗೆ ಅನ್ವಯಿಸಲ್ಲ. ದೊಡ್ಡ ಯೋಜನೆಗಳನ್ನು ಯಾವಾಗ ಕುಗ್ಗಿಸ್ತಾರೆ ಅಂತ ಯಾರಿಗೂ ಗೊತ್ತಿರಲ್ಲ, ಹಾಗಾಗಿ ಆರು ತಿಂಗಳು ಸಂಬಳ ಇಲ್ಲದಿದ್ದರೂ ಮನೆ ನಡೆಯುತ್ತಾ ನೋಡಿಕೊಂಡು ಕಳಿಸಿ.

ಹೋದ ಮೇಲೆ ಈ ಚರ್ಚೆ ಓದಲಿ, ಪರವಾಗಿಲ್ಲ. ಅಲ್ಲಿಂದ ಏನೂ ಬರೆಯೋದು ಬೇಡ.